ಅಗಲಿದವರ ಒಡವೆಗೆ ಒಡೆಯರಾರು?

ಗೃಹಸ್ಥನು ಲಿಂಗೈಕ್ಯನಾದೊಡನೆ ಅವನ ಕಾಯಕವು ನಿಲ್ಲುವುದು. ಕಾಯಕದ ಫಲವು ಮಾತ್ರ ಇಟ್ಟಲ್ಲಿಯೇ ಉಳಿಯುವುದು. ಪೆಟ್ಟಿಗೆಯ ತಳದ ಠೇವಣಿ ರಸೀದಿ, ಪರಊರಿನ ಬ್ಯಾಂಕಿನಲ್ಲಿ ಮರೆತುಹೋದ ಖಾತೆ, ಎಂದೋ ಕೊಂಡಿಟ್ಟ ಷೇರುಪತ್ರ, ಇವು ಈಗ ಯಾರ ಸ್ವತ್ತು? ಕೇಳಹೋದರೆ ಲೋಭವೆನಿಸೀತೆಂದು ಕೆಲವರು ಸುಮ್ಮನಿರುವರು. ಕಾಗದ ತಮ್ಮ ಕೈಗೆ ಸಿಕ್ಕಿತೆಂಬ ಮಾತ್ರಕ್ಕೆ ಎಲ್ಲವೂ ತಮ್ಮದೆಂದು ಮತ್ತೆ ಕೆಲವರು ಬಗೆಯುವರು. ಇವೆರಡರಲ್ಲಿ ಯಾವುದು ಧರ್ಮ?

ಸುಮ್ಮನಿರುವುದು ವೈರಾಗ್ಯವಲ್ಲ. ತನ್ನದನ್ನು ಬಿಡುವುದು ತ್ಯಾಗ. ತಾಯಿಯ ಔಷಧಕ್ಕೆ, ತಂಗಿಯ ಸಂಸಾರಕ್ಕೆ ಒದಗಬೇಕಾದುದನ್ನು ಬಿಡುವುದು ಬರಿಯ ಉದಾಸೀನ. ಹತ್ತು ವರ್ಷ ಯಾರೂ ಕೇಳದ ಬ್ಯಾಂಕ್ ಠೇವಣಿಯು 2014ರ ಯೋಜನೆಯ ಪ್ರಕಾರ ರಿಜರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ಸೇರುತ್ತದೆ. ಆದರೂ ವಾರಸುದಾರರ ಹಕ್ಕು ಅಳಿಯದು. ಆಯಾ ಬ್ಯಾಂಕಿನ ಮೂಲಕ ಅದನ್ನು ಹಿಂದಕ್ಕೆ ಪಡೆಯಬಹುದು. ಅಂತಹ ಠೇವಣಿಗಳನ್ನು ಹುಡುಕಲೆಂದೇ ರಿಜರ್ವ್ ಬ್ಯಾಂಕು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನು ತೆರೆದಿದೆ.

ಇನ್ನು ಎರಡನೆಯ ಬಗೆಯವರ ಮಾತು. ನಾಮಿನಿಯೆಂದು ಹೆಸರು ಬರೆಸಿದವನೇ ಒಡೆಯನೆಂಬ ಭ್ರಮೆ ಬಹಳ ಮನೆಗಳಲ್ಲಿ ಬೇರೂರಿದೆ. ಬ್ಯಾಂಕ್ ಠೇವಣಿಯ ವಿಷಯದಲ್ಲಿ 2010ರಲ್ಲಿಯೂ ಷೇರುಗಳ ವಿಷಯದಲ್ಲಿ 2023ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಇದನ್ನು ಅಲ್ಲಗಳೆದಿದೆ. ಅಲ್ಲಿ ನಾಮಿನಿಯು ಹಣವನ್ನು ಕೈಯೊಡ್ಡಿ ಪಡೆಯುವವನೇ ಹೊರತು, ಅದರ ಒಡೆಯನಲ್ಲ.

ಒಡೆಯರಾರೆಂಬುದನ್ನು ನಿರ್ಣಯಿಸುವ ದಾರಿಯನ್ನು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ತೋರಿಸುತ್ತದೆ. ಉಯಿಲಿದ್ದರೆ ಅದು ನಿಜವೆಂದು ನ್ಯಾಯಾಲಯದಲ್ಲಿ ಸಿದ್ಧಪಡಿಸಿ ಪಡೆಯುವುದು ಪ್ರೊಬೇಟ್. ಉಯಿಲಿಲ್ಲದಿದ್ದಾಗ ಠೇವಣಿ, ಷೇರುಗಳಿಗಾಗಿ ಕೇಳುವುದು ಉತ್ತರಾಧಿಕಾರ ಪ್ರಮಾಣಪತ್ರ. ಈ ಪ್ರಮಾಣಪತ್ರದ ಅರ್ಜಿಯಲ್ಲಿ ಮೃತರ ಹತ್ತಿರದ ಬಂಧುಗಳ ಹೆಸರು, ವಾಸಸ್ಥಳಗಳನ್ನು ಬರೆಯಬೇಕು. ನಮ್ಮ ಶೀಲಕ್ಕೆ ಒರೆಗಲ್ಲು ಇಲ್ಲಿಯೇ ಇದೆ. ಆ ಪಟ್ಟಿಯಲ್ಲಿ ಕೊಟ್ಟ ಮನೆಯಲ್ಲಿರುವ ತಂಗಿಯ ಹೆಸರು ಇರುವುದೇ, ಇಲ್ಲವೇ?

ವೀರಶೈವ ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿರುವ 1956ರ ಕಾಯಿದೆಯು, ಉಯಿಲಿಲ್ಲದೆ ತೀರಿದ ಗಂಡಸಿನ ಸ್ವಂತ ಸ್ವತ್ತಿನಲ್ಲಿ ತಾಯಿ, ಪತ್ನಿ, ಮಗ, ಮಗಳು ಎಲ್ಲರಿಗೂ ಸಮಪಾಲು ವಿಧಿಸಿದೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಅಲ್ಲಿ ನಿಲ್ಲದು. ಹೆಣ್ಣುಗಂಡೆಂಬ ಭೇದವನ್ನೆಣಿಸದ ಶರಣರ ಮುಂದೆಯೂ ನಿಲ್ಲದು. ಆದರೆ ನಡೆಯುತ್ತಿರುವುದೇನು? ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಎಷ್ಟೋ ಹೆಣ್ಣುಮಕ್ಕಳು ಹಕ್ಕು ಬಿಡುಗಡೆ ಪತ್ರಕ್ಕೆ ಮರುಮಾತಿಲ್ಲದೆ ಸಹಿ ಹಾಕುವರು.

‘ಕೊನೆಗಾಲದಲ್ಲಿ ತಂದೆಯನ್ನು ನೋಡಿಕೊಂಡವನು ನಾನಲ್ಲವೆ?’ ಎಂದು ಅಣ್ಣನು ಕೇಳಬಹುದು. ಈ ಮಾತನ್ನು ತಳ್ಳಿಹಾಕಲಾಗದು. ಉಯಿಲಿನಂತೆ ಸ್ವತ್ತನ್ನು ನಿರ್ವಹಿಸುವವರು ಉಳಿದ ಸಾಲಗಳಿಗಿಂತ ಮೊದಲು ಅಂತ್ಯಕ್ರಿಯೆಯ ಹಾಗೂ ಕೊನೆಗಾಲದ ಚಿಕಿತ್ಸೆಯ ವೆಚ್ಚವನ್ನು ತೀರಿಸಬೇಕೆಂದು 1925ರ ಕಾಯಿದೆಯೇ ಹೇಳುತ್ತದೆ. ಅವನು ಮಾಡಿದ ವೆಚ್ಚವನ್ನು ಎಲ್ಲರೆದುರು ಹೇಳಲಿ. ತನ್ನ ಪಾಲೆಷ್ಟೆಂದು ಬಲ್ಲ ತಂಗಿಯು ಮನವೊಪ್ಪಿ ಬಿಟ್ಟುಕೊಟ್ಟರೆ ಅದು ಅವಳ ದಾನ. ಅವಳಿಗೆ ತಿಳಿಯದಂತೆ ಇಟ್ಟುಕೊಂಡರೆ ಅದು ಕಳವು. ಸೇವೆಗೆ ಗುಟ್ಟಾಗಿ ಕೂಲಿ ಎತ್ತಿಕೊಂಡ ಮೇಲೆ ಅದು ಸೇವೆಯಾಗಿ ಉಳಿದೀತೆ?

ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಐದಕ್ಕಿ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಕಳುಹಿಸಿದ ಕಥೆ ಎಲ್ಲರೂ ಬಲ್ಲದ್ದು. ನೆಲಕ್ಕೆ ಬಿದ್ದು, ಯಾರೂ ಕೇಳದ ಅಕ್ಕಿಯನ್ನೂ ಆಕೆ ತನ್ನದೆನ್ನಲಿಲ್ಲ. ಹಾಗಿರುವಾಗ, ಕೇಳುವ ಹಕ್ಕುಳ್ಳವರು ಬದುಕಿರುವ ಸ್ವತ್ತನ್ನು ನಾವು ತನ್ನದೆನ್ನುವುದು ಹೇಗೆ?

ಆದುದರಿಂದ ಅಗಲಿದವರ ಸ್ವತ್ತನ್ನು ಅವಶ್ಯವಾಗಿ ಕೇಳೋಣ. ಎಲ್ಲರ ಪರವಾಗಿ ಕೇಳೋಣ. ಅರ್ಜಿಗೆ ಸಹಿ ಹಾಕುವ ಮುನ್ನ ಆ ಹೆಸರುಗಳ ಪಟ್ಟಿಯನ್ನು ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದಲಿ. ಬದುಕಿರುವ ನಾವಾದರೂ ನಮ್ಮ ಖಾತೆ, ಸಾಲ, ಠೇವಣಿಗಳ ವಿವರವನ್ನು ಬರೆದು ಮನೆಯವರಿಗೆ ತಿಳಿಸಿಡೋಣ. ನಮ್ಮ ಹಿಂದೆ ಒಡಹುಟ್ಟಿದವರು ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವಂತೆ ಮಾಡುವ ಉಪಾಯ ನಮ್ಮ ಕೈಯಲ್ಲಿಯೇ ಇದೆ.