ಅಡಿಕೆಗೆ ಹೋದ ಮಾನ

‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯನ್ನು ನಮ್ಮ ಹಿರಿಯರು ಅಲ್ಪಲಾಭಕ್ಕೆ ಕೈಚಾಚುವವನನ್ನು ಎಚ್ಚರಿಸುವುದಕ್ಕಾಗಿ ಹೇಳುತ್ತಿದ್ದರು. ಆದರೆ ಈ ಎಚ್ಚರಿಕೆಗೆ ಬಲ ಬರುವುದು, ಕದ್ದವನಾರೆಂಬುದು ನಾಲ್ಕು ಜನರಿಗೆ ತಿಳಿಯುತ್ತದೆ ಎಂಬ ನಂಬಿಕೆಯಿಂದಲೇ. ಹೆಸರು ಮುಚ್ಚಿಹೋಗುವ ಊರಿನಲ್ಲಿ ಅಡಿಕೆಯೂ ದಕ್ಕುತ್ತದೆ, ಮಾನವೂ ಉಳಿಯುತ್ತದೆ.

ತಕ್ಕಡಿಯ ತಟ್ಟೆಯ ಅಡಿಗೆ ಹುಣಿಸೆಹಣ್ಣಿನ ಉಂಡೆ ಅಂಟಿಸಿ ಸಿಕ್ಕಿಬಿದ್ದ ಸಂತೆಯ ವರ್ತಕನ ಹೆಸರು ಸಂಜೆಯ ಹೊತ್ತಿಗೆ ಸುತ್ತಲಿನ ಹಳ್ಳಿಗಳಿಗೆಲ್ಲ ಮುಟ್ಟುತ್ತದೆ. ಮುಂದಿನ ವಾರ ಅವನ ಮುಂದೆ ಚೀಲ ಬಿಚ್ಚುವವರಿರುವುದಿಲ್ಲ. ಸೆರೆಗೆ ತಳ್ಳುವುದಕ್ಕೆ ದೇಹವಿಲ್ಲದ, ದಂಡದ ಹಣವನ್ನು ವೆಚ್ಚದ ಬಾಬಿಗೆ ಸೇರಿಸಿ ಬೆಲೆಯ ಮೂಲಕ ಕೊಳ್ಳುವವನ ತಲೆಗೇ ಹೇರಬಲ್ಲ ದೊಡ್ಡ ಕಂಪೆನಿಗೆ ಮಾತ್ರ ಈ ಲೋಕನ್ಯಾಯ ಅನ್ವಯಿಸಬಾರದೆನ್ನುವುದು ಯಾವ ಧರ್ಮ? ತನ್ನ ಹೆಸರನ್ನು ಗೋಡೆಗೋಡೆಯ ಮೇಲೆ ಬರೆಯಿಸಿ ಅದರ ಬಲದಿಂದಲೇ ವ್ಯಾಪಾರ ಮಾಡುವ ಸಂಸ್ಥೆ, ತಪ್ಪು ಸಿದ್ಧವಾದ ದಿನ ಮಾತ್ರ ಅನಾಮಧೇಯವಾಗಿರಲು ಬಯಸುವುದು ನ್ಯಾಯವಲ್ಲ.

ನಮ್ಮ ಶಾಸನಕರ್ತರು ಇದನ್ನರಿಯದವರಲ್ಲ. 1955ರ ಅಗತ್ಯ ವಸ್ತುಗಳ ಕಾಯಿದೆಯ 10ಬಿ ಪ್ರಕರಣದ ಪ್ರಕಾರ, ಆ ಕಾಯಿದೆಯಡಿ ಅಪರಾಧಿಯೆಂದು ತೀರ್ಮಾನವಾದ ಕಂಪೆನಿಯ ಹೆಸರು, ವ್ಯವಹಾರಸ್ಥಳ ಹಾಗೂ ಅಪರಾಧದ ಸ್ವರೂಪವನ್ನು ಆ ಕಂಪೆನಿಯ ಖರ್ಚಿನಲ್ಲಿಯೇ ವೃತ್ತಪತ್ರಿಕೆಗಳಲ್ಲಿ ಪ್ರಕಟಿಸುವಂತೆ ನ್ಯಾಯಾಲಯವು ಆಜ್ಞಾಪಿಸಬಹುದು. ಅದೇ ಪ್ರಕರಣದ ಎರಡನೆಯ ಉಪಪ್ರಕರಣವು, ಮೇಲ್ಮನವಿಯ ಅವಧಿ ಕಳೆಯುವವರೆಗೆ, ಮೇಲ್ಮನವಿ ಹೂಡಿದ್ದರೆ ಅದು ಇತ್ಯರ್ಥವಾಗುವವರೆಗೆ, ಪ್ರಕಟಣೆ ಕೂಡದೆಂದು ತಡೆಯುತ್ತದೆ.

ಈ ತಡೆಯಲ್ಲಿ ಗಾದೆಯ ಉತ್ತರಾರ್ಧದ ವಿವೇಕವಿದೆ. ಹೋದ ಮಾನ ಆನೆ ಕೊಟ್ಟರೂ ಬಾರದೆಂಬುದು ನಿಜವಾದರೆ, ಆ ಮಾತು ಮಾನ ಕಳೆಯುವ ಅಧಿಕಾರವುಳ್ಳವನಿಗೂ ಸಲ್ಲಬೇಕು. 2015ರ ಜೂನ್ ತಿಂಗಳಲ್ಲಿ ಮ್ಯಾಗಿ ನೂಡಲ್ಸ್ ಅನ್ನು ಮಾರುಕಟ್ಟೆಯಿಂದ ಹಿಂದೆಗೆಯುವಂತೆ ಆಹಾರ ಸುರಕ್ಷತಾ ಪ್ರಾಧಿಕಾರವು ಹೊರಡಿಸಿದ ಆಜ್ಞೆಯನ್ನು, ಸಹಜನ್ಯಾಯದ ತತ್ತ್ವಗಳು ಪಾಲನೆಯಾಗಿಲ್ಲವೆಂದು, ಪರೀಕ್ಷೆ ನಡೆಸಿದ ಪ್ರಯೋಗಾಲಯಗಳಿಗೆ ತಕ್ಕ ಮಾನ್ಯತೆಯಿಲ್ಲವೆಂದು, ಬೊಂಬಾಯಿ ಉಚ್ಚ ನ್ಯಾಯಾಲಯವು ಆಗಸ್ಟ್ ತಿಂಗಳಲ್ಲಿ ರದ್ದುಗೊಳಿಸಿತು. ಅಷ್ಟರೊಳಗೆ ಹೆಸರು ದೇಶದ ಮನೆಮನೆಯಲ್ಲೂ ಆಡಿಹೋಗಿತ್ತು. ಆಪಾದನೆಯ ಹಂತದಲ್ಲಿ ಹೆಸರನ್ನು ಬೀದಿಗೆಳೆಯುವುದನ್ನು ನಾನು ಒಪ್ಪಲಾರೆ. ಜೀವಾಪಾಯ ಎದುರಾದಾಗ ಜನರನ್ನು ಎಚ್ಚರಿಸುವುದು ಬೇರೆ ಮಾತು, ಅದಕ್ಕೆ ಕಾಯಬಾರದು.

ತೀರ್ಮಾನದ ಮೇಲೂ ಮರೆಮಾಚಬೇಕೆನ್ನುವವರು ನಿರಪರಾಧಿ ನೌಕರರನ್ನು, ಸಣ್ಣ ಷೇರುದಾರರನ್ನು ಮುಂದೆ ನಿಲ್ಲಿಸುತ್ತಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ತಮ್ಮ ಹಣ ಎಂಥ ಕೈಯಲ್ಲಿದೆ ಎಂದು ಎಲ್ಲರಿಗಿಂತ ಮೊದಲು ತಿಳಿಯಬೇಕಾದವರೂ ಆ ಷೇರುದಾರರೇ ಅಲ್ಲವೆ? ಬ್ಯಾಂಕುಗಳ ತಪಾಸಣಾ ವರದಿಗಳು ಹೊರಬಿದ್ದರೆ ಆರ್ಥಿಕ ಹಿತಕ್ಕೆ ಧಕ್ಕೆಯೆಂದು ರಿಸರ್ವ್ ಬ್ಯಾಂಕು ವಾದಿಸಿದಾಗ, ಸರ್ವೋಚ್ಚ ನ್ಯಾಯಾಲಯವು 2015ರ ಡಿಸೆಂಬರಿನಲ್ಲಿ, ಆ ಸಂಸ್ಥೆಯ ಕರ್ತವ್ಯ ಸಾರ್ವಜನಿಕರ ಹಿತವನ್ನು ಕಾಯುವುದೇ ಹೊರತು ಬ್ಯಾಂಕುಗಳ ಹಿತವನ್ನಲ್ಲವೆಂದು ಸ್ಪಷ್ಟಪಡಿಸಿತು. ದಂಡ ವಿಧಿಸಿದ ಬ್ಯಾಂಕಿನ ಹೆಸರನ್ನೂ ಮೊತ್ತವನ್ನೂ ಪ್ರಕಟಿಸುವಾಗ ರಿಸರ್ವ್ ಬ್ಯಾಂಕು, ಇದು ನಿಯಮಪಾಲನೆಯ ಲೋಪಕ್ಕೆ ಸಂಬಂಧಿಸಿದ್ದು, ಗ್ರಾಹಕರೊಡನೆ ಆದ ವ್ಯವಹಾರಗಳ ಸಿಂಧುತ್ವದ ಬಗೆಗೆ ತೀರ್ಪಲ್ಲ ಎಂಬ ವಾಕ್ಯವನ್ನೂ ಸೇರಿಸುತ್ತದೆ. ಹೆಸರು ಹೇಳುವ ರೀತಿ ಇದು: ತಪ್ಪಿನಷ್ಟನ್ನೇ ಹೇಳಿ, ಅದಕ್ಕಿಂತ ಒಂದು ಮಾತೂ ಬೆಳೆಸದಿರುವುದು.

10ಬಿ ಪ್ರಕರಣವು ನ್ಯಾಯಾಲಯಕ್ಕೆ ಅಧಿಕಾರವನ್ನಷ್ಟೇ ಕೊಟ್ಟಿದೆ, ಕಟ್ಟುಪಾಡನ್ನು ವಿಧಿಸಿಲ್ಲ. ಆಹಾರ, ಔಷಧ, ಠೇವಣಿ, ಕಾರ್ಮಿಕರ ಕೂಲಿ, ನದಿಯ ನೀರು ಇವುಗಳ ವಿಷಯದಲ್ಲಿ ತಪ್ಪಿತಸ್ಥವೆಂದು ಅಂತಿಮವಾಗಿ ಸಿದ್ಧವಾದ ಪ್ರತಿಯೊಂದು ಕಂಪೆನಿಯ ಹೆಸರೂ ಅದರ ಖರ್ಚಿನಲ್ಲಿಯೇ, ಅದು ವ್ಯಾಪಾರ ಮಾಡುವ ಊರಿನ ಭಾಷೆಯಲ್ಲಿ ಪ್ರಕಟವಾಗುವಂತೆ ಶಾಸನಸಭೆಗಳು ಇದನ್ನು ಕಡ್ಡಾಯಗೊಳಿಸಬೇಕು.