ಕಾಯುವಿಕೆಯ ಹಾರ

ತಾಳ್ಮೆಯನ್ನು ಉಪದೇಶದಿಂದ ಕಲಿಸಬಹುದೆ? ಜರ್ಮನಿಯ ಹ್ಯಾಂಬುರ್ಗ್ ನಗರದ ಬಳಿ ಬಡಮಕ್ಕಳ ಆಶ್ರಮವನ್ನು ನಡೆಯಿಸುತ್ತಿದ್ದ ವಿಖೆರ್ನ್ ಎಂಬ ಧರ್ಮೋಪದೇಶಕನನ್ನು, ಕ್ರಿಸ್ಮಸ್ ಹಬ್ಬವು ಎಂದು ಬರುವುದೆಂದು ಮಕ್ಕಳು ಪದೇ ಪದೇ ಕೇಳುತ್ತಿದ್ದರಂತೆ. 1839ರಲ್ಲಿ ಆತನು ಹಳೆಯ ಬಂಡಿಯ ಗಾಲಿಯೊಂದರ ಮೇಲೆ ವಾರದ ದಿನಗಳಿಗೆಂದು 20 ಸಣ್ಣ ಕೆಂಪು ಮೇಣದ ಬತ್ತಿಗಳನ್ನೂ ಭಾನುವಾರಗಳಿಗೆಂದು 4 ದೊಡ್ಡ ಬಿಳಿಯ ಬತ್ತಿಗಳನ್ನೂ ನಿಲ್ಲಿಸಿ, ದಿನಕ್ಕೊಂದರಂತೆ ಹಚ್ಚಿಸಿದನು. ಇಂದು ಅಲ್ಲಿಯ ಮನೆಗಳಲ್ಲಿ ಹಸುರು ಕೊಂಬೆಗಳನ್ನು ಬಳೆಯಂತೆ ಬಾಗಿಸಿ, ಒಣಗಿದ ಕಿತ್ತಳೆಯ ಬಿಲ್ಲೆಗಳನ್ನು ಮನಬಂದಂತೆ ಕಟ್ಟಿ, ನಾಲ್ಕೇ ಬತ್ತಿಗಳನ್ನಿಟ್ಟು ಭಾನುವಾರಕ್ಕೊಂದರಂತೆ ಬೆಳಗುವುದುಂಟು.

ಇದು ಕೇವಲ ಮಕ್ಕಳಾಟವೆನ್ನುವವರು ಒಂದನ್ನು ವಿಚಾರಿಸಬೇಕು. ಬತ್ತಿ ಹಚ್ಚಿದ ಮಾತ್ರಕ್ಕೆ ಹಬ್ಬವು ಒಂದು ಗಳಿಗೆಯೂ ಮುಂಚೆ ಬಾರದು. ಆದರೆ ಕಾಯುವ ದಿನಗಳು ಹಬ್ಬದ ಅಂಗವೇ ಆಗುವುವು. ಮಕ್ಕಳ ಆತುರವನ್ನು ಗದರಿಸಿ ಅಡಗಿಸುವುದು ಸುಲಭ. ಅದಕ್ಕೆ ದಿನಕ್ಕೊಂದು ಕೆಲಸವನ್ನು ಕೊಟ್ಟರೆ ಅದೇ ತಾಳ್ಮೆಯಾಗಿ ಪರಿಣಮಿಸುವುದು.