ತೊಂಬತ್ತೇಳರ ಲೆಕ್ಕ

ದೀಪಾವಳಿ ಮುಗಿದ ಮೇಲೆ ನಮ್ಮ ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊರಳಿಗೆ ಕೊಬ್ಬರಿಯ ಸರ ಕಟ್ಟಿಸಿಕೊಂಡು ಓಡಿ ಬರುವ ಹೋರಿಯನ್ನು ತಡೆದು ಕೊಬ್ಬರಿ ಹರಿಯುವುದು ಹುಡುಗರ ಪೌರುಷ. ಯಾರ ಕೈಗೂ ಸಿಗದೆ ಪಾರಾಗುವುದು ಹೋರಿಯ ಪೌರುಷ. ಆ ಬಯಲಿನ ಅಂಚಿನಲ್ಲಿ ಕುಳಿತ ಹಿರಿಯರ ಬಾಯಲ್ಲಿ ಪ್ರತಿ ವರ್ಷವೂ ಒಂದೇ ಮಾತು: “ಈಗಿನ ಹೋರಿ ಏನ್ ಹೋರೀಪಾ, ಹೋರಿ ಅಂದ್ರ ಆಗಿನವು!” ಆಗಿನ ಹೋರಿ ಈಗ ಎದ್ದು ಬಂದು ಓಡಲಾರದು. ಆದ್ದರಿಂದ ಅದನ್ನು ಸೋಲಿಸುವುದೂ ಸಾಧ್ಯವಿಲ್ಲ. ಈಗಿನ ಹೋರಿಯ ಪಾಡು ನೋಡಿ: ಅದು ಎದುರಿಗಿರುವ ಹುಡುಗರಿಂದಷ್ಟೇ ತಪ್ಪಿಸಿಕೊಂಡರೆ ಸಾಲದು, ಮುದುಕರ ನೆನಪಿನೊಡನೆಯೂ ಓಡಿ ಗೆಲ್ಲಬೇಕು.

ಹೋರಿಗಳ ವಿಷಯದಲ್ಲಿ ಇದು ವಿನೋದವಾದರೆ ಮನುಷ್ಯರ ವಿಷಯದಲ್ಲಿ ಅಷ್ಟು ಹಗುರವಲ್ಲ. ಹಿಂದಿನವರನ್ನೂ ಇಂದಿನವರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವೇ? ತೂಗುವುದಾದರೆ ಯಾವ ಕಲ್ಲಿನಿಂದ? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಗ್ರಂಥಗಳಿಂದಲ್ಲ, ಕ್ರಿಕೆಟ್ಟಿನಿಂದ. ಇನ್ನೂ ಸರಿಯಾಗಿ ಹೇಳಬೇಕೆಂದರೆ ನನ್ನ ತಂದೆಯವರಿಂದ.

ನಾನು ಹಾವೇರಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು, ಮನೆ ರಾಣೇಬೆನ್ನೂರಿನಲ್ಲಿ. ತಂದೆಯವರು ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿ ಆಯುಷ್ಯ ಕಳೆದವರು. ಬ್ಯಾಡಗಿಯ ಮೆಣಸಿನಕಾಯಿಯ ವಿಷಯ ಓದುಗರಿಗೆ ಹೇಳಬೇಕಾದ್ದಿಲ್ಲ. ಆದರೆ ಅದನ್ನು ಬೆಲೆ ಕಟ್ಟುವ ಬಗೆ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಕಾಯಿಯಲ್ಲಿ ಡಬ್ಬಿ ಎಂಬುದೊಂದು, ಕಡ್ಡಿ ಎಂಬುದೊಂದು. ಡಬ್ಬಿ ಗಿಡ್ಡ, ಉಬ್ಬಿದ ಮೈ. ಕಡ್ಡಿ ಉದ್ದ, ತೆಳುವು, ಮೈಯೆಲ್ಲ ಸುಕ್ಕು. ಬ್ಯಾಡಗಿ ಕಾಯಿಯ ಹೆಚ್ಚಳವೆಲ್ಲ ಬಣ್ಣದಲ್ಲಿ. ಖಾರವೊಂದನ್ನೇ ಕೇಳುವವನು ಗುಂಟೂರಿನ ಕಾಯಿಯನ್ನು ಕೊಳ್ಳುವುದೇ ಮೇಲು. ಹೊಸಬರು ಯಾರಾದರೂ ಅಂಗಡಿಗೆ ಬಂದು “ಯಾವ ಕಾಯಿ ಚೊಲೊ?” ಎಂದು ಕೇಳಿದರೆ ತಂದೆಯವರು, “ಯಾತಕ್ಕ ಬೇಕು, ಮೊದಲ ಅದನ್ನ ಹೇಳ್ರಿ” ಎನ್ನುತ್ತಿದ್ದರು. ಹೇಳುವ ತನಕ ಚೀಲದ ಬಾಯಿ ಬಿಚ್ಚುತ್ತಿರಲಿಲ್ಲ.

ಇಂಥ ವಿವೇಕಿ, ಜಿ. ಆರ್. ವಿಶ್ವನಾಥರ ವಿಷಯ ಬಂದರೆ ಮಾತ್ರ ತಕ್ಕಡಿಯನ್ನೇ ಕಿತ್ತೆಸೆದುಬಿಡುತ್ತಿದ್ದರು.

ಅವರು ವಿಶ್ವನಾಥರ ಆಟವನ್ನು ಕಣ್ಣಾರೆ ಕಂಡವರಲ್ಲ. 1975ರ ಸಂಕ್ರಾಂತಿಯ ಸುಮಾರಿನಲ್ಲಿ, ಮಾರುಕಟ್ಟೆಗೆ ಹೊಸ ಮಾಲು ಬಂದು ಬೀಳುತ್ತಿದ್ದ ಕಾಲದಲ್ಲಿ, ಮದರಾಸಿನಲ್ಲಿ ವೆಸ್ಟ್ ಇಂಡೀಸಿನೊಡನೆ ನಡೆದ ಟೆಸ್ಟ್ ಪಂದ್ಯದ ವಿವರಣೆಯನ್ನು ಚೀಲಗಳ ರಾಶಿಯ ಮೇಲಿಟ್ಟ ರೇಡಿಯೋದಲ್ಲಿ ಕೇಳಿದವರು. ಇಂಗ್ಲಿಷ್ ಅರ್ಧ ತಿಳಿಯದು. ತಿಳಿದದ್ದು ಅಂಕಿಗಳು, ಜನರ ಕೂಗು, ನಡುನಡುವೆ ‘ವಿಶ್ವನಾಥ್’ ಎಂಬ ಹೆಸರು. ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ಆ ಸರದಿಯಲ್ಲಿ ಭಾರತದ ಒಟ್ಟು ಮೊತ್ತ 190. ಅದರಲ್ಲಿ ವಿಶ್ವನಾಥರವು ಔಟಾಗದೆ 97. ಉಳಿದವರೆಲ್ಲರ ರನ್ನುಗಳೂ ಇತರೆ ರನ್ನುಗಳೂ ಕೂಡಿ 93. ಕೊನೆಯ ಜೊತೆಗಾರ ಔಟಾದಾಗ ನೂರಕ್ಕೆ ಮೂರು ಕಡಿಮೆ. ಪಂದ್ಯವನ್ನು ಭಾರತ ನೂರು ರನ್ನುಗಳಿಂದ ಗೆದ್ದಿತು. ತಂದೆಯವರು ಇದನ್ನು ನನಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ; ಪ್ರತಿ ಸಲವೂ ಆ ಮೆಣಸಿನಕಾಯಿಯ ಘಾಟು ನನ್ನ ಮೂಗಿಗೂ ಬಡಿದಂತಾಗುತ್ತಿತ್ತು.

ನನ್ನ ಕಾಲದವರು ರಾಹುಲ್ ದ್ರಾವಿಡ್. ನಾನು ಅವರನ್ನು ಕಂಡದ್ದು ದೂರದರ್ಶಕದಲ್ಲಿ. ಒಂದೊಂದು ಹೊಡೆತವನ್ನೂ ಮೂರು ಮೂರು ಸಲ, ನಾಲ್ಕು ಕಡೆಗಳಿಂದ. 2012ರ ಮಾರ್ಚಿನಲ್ಲಿ ಅವರು ನಿವೃತ್ತರಾದಾಗ ಪತ್ರಿಕೆಯಲ್ಲಿ ಬಂದ ಅಂಕಿಗಳನ್ನು ತಂದೆಯವರ ಮುಂದೆ ಹಿಡಿದು ಗಟ್ಟಿಯಾಗಿ ಓದಿದೆ. ದ್ರಾವಿಡ್: 164 ಟೆಸ್ಟ್, 13,288 ರನ್, 36 ಶತಕ, ಸರಾಸರಿ 52.31. ವಿಶ್ವನಾಥ್: 91 ಟೆಸ್ಟ್, 6,080 ರನ್, 14 ಶತಕ, ಸರಾಸರಿ 41.93. ಓದುವ ಧ್ವನಿಯಲ್ಲಿ ಗೆಲುವಿನ ಸೊಕ್ಕಿತ್ತೆಂದು ಈಗ ಒಪ್ಪಿಕೊಳ್ಳಬೇಕು. ಸತ್ಯವನ್ನು ಹೇಳುವುದಕ್ಕೂ ಸತ್ಯದಿಂದ ಹೊಡೆಯುವುದಕ್ಕೂ ಇರುವ ಅಂತರ ಆಗ ನನಗೆ ಹೊಳೆಯಲಿಲ್ಲ. ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ತಮ್ಮಾ, ಆ ಟೇಲರನ್ನ ವಾಪಸ್ ಕರದದ್ದು ಇದರಾಗ ಯಾವ ಕಾಲಮ್ಮಿನ್ಯಾಗ ಬರ್ತೈತಿ?”

ತಿಳಿಯದವರಿಗಾಗಿ ಹೇಳುತ್ತೇನೆ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನೊಡನೆ ಸುವರ್ಣ ಮಹೋತ್ಸವದ ಪಂದ್ಯ. ನಾಯಕರು ವಿಶ್ವನಾಥ್. ಇಂಗ್ಲೆಂಡಿನ ಐದು ವಿಕೆಟ್ಟುಗಳು 58 ರನ್ನಿಗೆ ಉರುಳಿದ್ದವು. ಬಾಬ್ ಟೇಲರ್ ವಿಕೆಟ್ ಕೀಪರರಿಗೆ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶ್ವನಾಥರಿಗೆ ಅನ್ನಿಸಿತು. ಅಂಪೈರರೊಡನೆ ಮಾತಾಡಿ ಟೇಲರರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಬಾಥಮ್ ಜೊತೆಯಾಗಿ 171 ರನ್ ಕೂಡಿಸಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ವಿಶ್ವನಾಥರು ಭಾರತದ ನಾಯಕರಾಗಿದ್ದುದು ಒಟ್ಟು ಎರಡೇ ಟೆಸ್ಟುಗಳಲ್ಲಿ. ಅಂಕಿಅಂಶದ ಪಟ್ಟಿಯಲ್ಲಿ ಅದು ಹೀಗಿದೆ: ಪಂದ್ಯ ಎರಡು, ಗೆಲುವು ಸೊನ್ನೆ, ಸೋಲು ಒಂದು. ಆ ‘ಸೋಲು ಒಂದು’ ಎಂಬ ಎರಡು ಪದಗಳಲ್ಲಿ ಟೇಲರರ ವಿಷಯ ಅಡಗಿಕೊಂಡಿದೆ; ಆದರೆ ಪಟ್ಟಿ ಅದನ್ನು ಹೇಳುವುದಿಲ್ಲ.

ಅಂದು ನಾನು ಇದನ್ನು ಜಾರಿಕೊಳ್ಳುವ ಮಾತೆಂದು ತಿಳಿದೆ. ಯಾರು ಹೆಚ್ಚಿನ ಬ್ಯಾಟುಗಾರರೆಂದು ಕೇಳಿದರೆ ಯಾರು ಸಜ್ಜನರೆಂದು ಉತ್ತರ ಕೊಟ್ಟಂತಾಯಿತಲ್ಲ! ಹಾಗೆ ನೋಡಿದರೆ ಸಜ್ಜನಿಕೆಯಲ್ಲಿ ದ್ರಾವಿಡರೇನು ಕಡಿಮೆಯೆ? 2011ರಲ್ಲಿ ಬರ್ಮಿಂಗ್‌ಹ್ಯಾಮಿನ ಪಂದ್ಯದಲ್ಲಿ ಅಂಪೈರ್ ಔಟೆಂದರು. ಮರುಪರಿಶೀಲನೆ ಕೇಳುವ ಅವಕಾಶವಿದ್ದರೂ, ಸದ್ದು ಕೇಳಿದ್ದರಿಂದ ಬ್ಯಾಟಿಗೆ ತಾಗಿದ್ದಿರಬೇಕೆಂದು ನಂಬಿ ದ್ರಾವಿಡರು ಹೊರಟುಹೋದರು. ಚೆಂಡು ತಾಗಿಯೇ ಇರಲಿಲ್ಲ. ಬೂಟಿನ ದಾರದ ತುದಿ ಬ್ಯಾಟಿಗೆ ಬಡಿದ ಸದ್ದದು!

ಆದರೆ ಈ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವಾಗ ಬೇರೊಂದು ವಿಚಾರ ತಲೆಯೆತ್ತುತ್ತದೆ. 1980ರಲ್ಲಿ ತೀರ್ಪನ್ನು ತಿದ್ದುವ ಯಂತ್ರವಿರಲಿಲ್ಲ. ನಾಯಕನ ಮನಸ್ಸಾಕ್ಷಿಯೊಂದೇ ಇತ್ತು. ಇಂದು ಟೇಲರರೇ ಕೈಯಿಂದ ಸನ್ನೆ ಮಾಡಿ ಮರುಪರಿಶೀಲನೆ ಕೇಳಿಕೊಳ್ಳುತ್ತಿದ್ದರು. ತೆರೆಯ ಮೇಲೆ ಚಿತ್ರ ಮೂಡಿ, ತೀರ್ಪು ತಿದ್ದಿ, ಆಟ ಮುಂದುವರಿಯುತ್ತಿತ್ತು. ವಿಶ್ವನಾಥರು ಸ್ಲಿಪ್ಪಿನಲ್ಲಿ ಸುಮ್ಮನೆ ನಿಂತಿರುತ್ತಿದ್ದರು. ಅವರ ಗುಣ ಅಷ್ಟೇ ಇರುತ್ತಿತ್ತು, ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗಾದರೆ ಕಾಲವೆಂಬುದು ಮನುಷ್ಯನಿಗೆ ಎದುರಾಳಿಗಳನ್ನು, ಪಿಚ್ಚನ್ನು, ಹೆಲ್ಮೆಟ್ಟನ್ನು ಮಾತ್ರ ಕೊಡುವುದಲ್ಲ. ಒಳ್ಳೆಯವನಾಗುವ ಸಂದರ್ಭವನ್ನೂ ಅದೇ ಕೊಡುತ್ತದೆ, ಅದೇ ಕಸಿದುಕೊಳ್ಳುತ್ತದೆ. ರನ್ನುಗಳಲ್ಲಿ ಕಾಲದ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟವೆಂದು ಎಲ್ಲರೂ ಬಲ್ಲರು. ಗುಣದಲ್ಲಿಯೂ ಅದೇ ಕಷ್ಟವಿದೆ ಎಂಬುದು ನನ್ನನ್ನು ಹೆಚ್ಚು ಕಂಗೆಡಿಸುತ್ತದೆ.

ಈ ಕಷ್ಟದಿಂದ ಪಾರಾಗಲು ಜನ ಎರಡು ದಾರಿ ಹಿಡಿಯುತ್ತಾರೆ. ಒಂದು, ಲೆಕ್ಕ ಸರಿದೂಗಿಸುವ ದಾರಿ. ವಿಶ್ವನಾಥರು ಹೆಲ್ಮೆಟ್ಟಿಲ್ಲದೆ ರಾಬರ್ಟ್ಸರನ್ನು ಎದುರಿಸಿದರು, ಅದಕ್ಕೆ ಸರಾಸರಿಗೆ ಐದು ಕೂಡಿಸಿ; ದ್ರಾವಿಡರು ಹೆಚ್ಚು ದುರ್ಬಲ ತಂಡಗಳ ಮೇಲೂ ಆಡಿದರು, ಅದಕ್ಕೆ ಎರಡು ಕಳೆಯಿರಿ; ಅವರ ಪ್ರತಿಯೊಂದು ದೋಷವನ್ನೂ ಎದುರಾಳಿಗಳು ಚಿತ್ರದಲ್ಲಿ ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದರಲ್ಲ, ಅದಕ್ಕೆ ಮೂರು ಸೇರಿಸಿ. ಇದು ಗುಮಾಸ್ತನ ನ್ಯಾಯ. (ತಂದೆಯವರು ಕ್ಷಮಿಸಲಿ.) ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ವಿಶ್ವನಾಥರನ್ನು 1973ರಲ್ಲಿ ಹುಟ್ಟಿಸಿ ಲೆಕ್ಕ ಹಾಕುವುದೆಂದರೇನು? ಬೇರೆ ಮೈದಾನ, ಬೇರೆ ಗುರು, ಬೇರೆ ಭಯಗಳ ನಡುವೆ ಬೆಳೆದ ಆ ಹುಡುಗ ವಿಶ್ವನಾಥನೇ ಆಗಿರುತ್ತಿದ್ದನೆ?

ಇನ್ನೊಂದು ದಾರಿ, “ಅವರವರ ಕಾಲಕ್ಕೆ ಅವರವರು ದೊಡ್ಡವರು” ಎಂದು ಕೈಮುಗಿದು ಎದ್ದುಬಿಡುವುದು. ಸಭ್ಯವಾದ ಮಾತು; ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು. ನನಗೆ ಇದು ಮೊದಲಿನದಕ್ಕಿಂತ ಕೆಟ್ಟದ್ದಾಗಿ ತೋರುತ್ತದೆ. ಎಲ್ಲರೂ ದೊಡ್ಡವರೇ ಎನ್ನುವವನು ಯಾರ ಆಟವನ್ನೂ ನೋಡಿಲ್ಲ. ತರಗತಿಯಲ್ಲಿ ‘ಪಂಪನ ಕರ್ಣ, ಕುಮಾರವ್ಯಾಸನ ಕರ್ಣ: ಹೋಲಿಸಿ ವಿವೇಚಿಸಿರಿ’ ಎಂಬ ಪ್ರಶ್ನೆಗೆ ‘ಇಬ್ಬರೂ ಮಹಾಕವಿಗಳು’ ಎಂದಷ್ಟೇ ಬರೆದ ಹುಡುಗನಿಗೆ ನಾನು ಎಷ್ಟು ಅಂಕ ಕೊಟ್ಟೇನು?

ಕಾವ್ಯದ ಮಾತು ಬಂತು, ಅಲ್ಲಿಯೇ ಒಂದು ಗಳಿಗೆ ನಿಲ್ಲುತ್ತೇನೆ. ರನ್ನನ ಗದಾಯುದ್ಧಕ್ಕೆ ಬೀಜ ಪಂಪಭಾರತದ ಹದಿಮೂರನೆಯ ಆಶ್ವಾಸದಲ್ಲಿದೆ ಎಂದು ವಿದ್ವಾಂಸರು ತೋರಿಸಿದ್ದಾರೆ. ಹಾಗೆಂದು ರನ್ನನನ್ನು ಪಂಪನ ಸಾಲಗಾರನೆಂದು ಕಡೆಗಣಿಸಿದವರಿಲ್ಲ. ಪಂಪನಿಗೆ ಇಡೀ ಭಾರತವನ್ನು ಕನ್ನಡದಲ್ಲಿ ನಿಲ್ಲಿಸುವ ಹೊರೆಯಿತ್ತು. ರನ್ನನಿಗೆ ಪಂಪ ಹೇಳಿ ಮುಗಿಸಿದ್ದನ್ನು ಮತ್ತೆ ಹೇಳಿಯೂ ಕೇಳುವಂತೆ ಮಾಡುವ ಹೊರೆ. ಮೊದಲು ಬಂದವನಿಗೆ ದಾರಿಯಿಲ್ಲ; ಆಮೇಲೆ ಬಂದವನಿಗೆ ಹೆಜ್ಜೆ ಗುರುತುಗಳ ಕಾಟ. ಯಾವ ಹೊರೆ ಹೆಚ್ಚು ಭಾರವೆಂದು ನಾನು ಹೇಳಲಾರೆ. ಆದರೆ ಯಾರ ತಲೆಯ ಮೇಲೆ ಯಾವ ಹೊರೆಯಿತ್ತೆಂದು ಮೊದಲು ನೋಡಬೇಕು. ಅಂಗಡಿಯಲ್ಲಿ ತಂದೆಯವರು “ಯಾತಕ್ಕ ಬೇಕು” ಎಂದು ಕೇಳುತ್ತಿದ್ದುದೂ ಹೆಚ್ಚು ಕಡಿಮೆ ಇದನ್ನೇ ಇರಬೇಕು.

ಈ ದೃಷ್ಟಿಯಿಂದ ನೋಡಿದರೆ, ಅಂಕಿಗಳು ಸುಳ್ಳಲ್ಲ, ಆದರೆ ಒಂದೇ ಅಂಕಿ ಇಬ್ಬರ ವಿಷಯದಲ್ಲಿ ಒಂದೇ ಮಾತನ್ನು ಹೇಳುವುದಿಲ್ಲ. ವಿಶ್ವನಾಥರು ಶತಕ ಹೊಡೆದ ಯಾವ ಟೆಸ್ಟನ್ನೂ ಭಾರತ ಸೋಲಲಿಲ್ಲ. ಇದು ನಿಜ, ತಂದೆಯವರ ತುರುಬಿನ ಎಲೆಯೂ ಹೌದು. ದ್ರಾವಿಡರು 2011ರಲ್ಲಿ ಇಂಗ್ಲೆಂಡಿನಲ್ಲಿ ಮೂರು ಶತಕ ಹೊಡೆದರು, ಆ ಮೂರು ಪಂದ್ಯಗಳನ್ನೂ ಭಾರತ ಸೋತಿತು. ಹಾಗಾದರೆ ಅವು ಕೆಲಸಕ್ಕೆ ಬಾರದ ಶತಕಗಳೆ? ಸುತ್ತಲಿನ ಗೋಡೆಗಳೆಲ್ಲ ಕುಸಿಯುತ್ತಿರುವಾಗ, ಮೂವತ್ತೆಂಟರ ವಯಸ್ಸಿನಲ್ಲಿ, ಒಬ್ಬರೇ ನಿಂತು ಆಡಿದ ಆಟವದು. ಮದರಾಸಿನ 97ಕ್ಕೆ ಹತ್ತಿರದ ಬಂಧು ಯಾವುದೆಂದು ಕೇಳಿದರೆ ಅವನ್ನೇ ತೋರಿಸುತ್ತೇನೆ, ಕೋಲ್ಕತ್ತೆಯ 180ನ್ನಲ್ಲ. ಇನ್ನು ಆ 97ರ ಮಾತು: ಅದು ವಿಶ್ವನಾಥರ ಹದಿನಾಲ್ಕು ಶತಕಗಳ ಪಟ್ಟಿಯಲ್ಲಿ ಇಲ್ಲವೇ ಇಲ್ಲ, ಮೂರು ರನ್ ಕಡಿಮೆಯಾದ ಕಾರಣಕ್ಕೆ!

ನನ್ನ ತೀರ್ಪೇನೆಂದು ಓದುಗರು ಕೇಳಬಹುದು; ಹೇಳದೆ ಹೋದರೆ ನಾನೂ ಕೈಮುಗಿದು ಎದ್ದವರ ಸಾಲಿಗೆ ಸೇರುತ್ತೇನೆ. ಹದಿನಾರು ವರ್ಷಗಳ ಕಾಲ, ಜಗತ್ತಿನ ಎಲ್ಲ ಬಗೆಯ ನೆಲದ ಮೇಲೆ, 31,258 ಚೆಂಡುಗಳನ್ನು ಎದುರಿಸಿ ನಿಂತ ದ್ರಾವಿಡರೇ ಹೆಚ್ಚಿನ ಬ್ಯಾಟುಗಾರರೆಂದು ನನ್ನ ಎಣಿಕೆ. ಇಷ್ಟು ಹೇಳಿದ ಮೇಲೂ, ಒಂದೇ ಒಂದು ಸರದಿಯನ್ನು ಆರಿಸು ಎಂದರೆ ನನ್ನ ಕೈ ನಾನು ಕಾಣದ ಆ 97ರ ಕಡೆಗೇ ಹೋಗುತ್ತದೆ. ಇದು ವಿಮರ್ಶೆಯೋ ಪಿತೃಋಣವೋ, ಬೇರ್ಪಡಿಸುವುದು ನನ್ನಿಂದಾಗಿಲ್ಲ.

ಕಳೆದ ವರ್ಷ ಕಾಲೇಜಿನಿಂದ ಬಸ್ ನಿಲ್ದಾಣಕ್ಕೆ ಬರುವಾಗ ಜೊತೆಯಲ್ಲಿದ್ದ ವಿದ್ಯಾರ್ಥಿಯೊಬ್ಬ, “ಸರ್ರ, ನಿಮ್ಮ ದ್ರಾವಿಡ್ ಈಗಿನ ಟಿ-ಟ್ವೆಂಟಿಯೊಳಗ ನಡೀತಿದ್ದಿಲ್ಲ ಬಿಡ್ರಿ” ಎಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. 2011ರಲ್ಲಿ ಮ್ಯಾಂಚೆಸ್ಟರಿನಲ್ಲಿ ದ್ರಾವಿಡರು ಆಡಿದ ಒಂದೇ ಒಂದು ಅಂತಾರಾಷ್ಟ್ರೀಯ ಟಿ-ಟ್ವೆಂಟಿ ಪಂದ್ಯದಲ್ಲಿ ಸಾಲಾಗಿ ಮೂರು ಸಿಕ್ಸರ್ ಹೊಡೆದದ್ದು ನಿನಗೆ ಗೊತ್ತೇನೋ ಎಂದೆ. “ಒಂದ ಮ್ಯಾಚ್ ಅಲ್ರೀ ಸರ” ಎಂದು ಅವನು ನಕ್ಕ. ಪಟ್ಟಿ ಅವನ ಕೈಯಲ್ಲಿತ್ತು. ನನ್ನ ಕೈಯಲ್ಲಿದ್ದುದು ಪಟ್ಟಿಗೆ ಸೇರದ ಒಂದು ಸಂಜೆ. ಬಸ್ಸು ಬಂತು, ಮಾತು ಅಲ್ಲಿಗೇ ನಿಂತಿತು. ಮೋಟೆಬೆನ್ನೂರು ದಾಟುವ ತನಕ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. 2012ರ ಆ ಬೆಳಗಿನಲ್ಲಿ ತಂದೆಯವರು ಸುಮ್ಮನೆ ಕುಳಿತಿದ್ದ ಭಂಗಿ ಕಣ್ಣಿನಿಂದ ಸರಿಯಲೊಲ್ಲದು. ಅವರು ತೀರಿಕೊಂಡು ಕೆಲವು ವರ್ಷಗಳಾಗಿವೆ.

ಅವರೊಡನೆ ಕುಳಿತು ನೋಡಿದ ಪಂದ್ಯಗಳಲ್ಲಿ ಅಡಿಲೇಡಿನದು ಚೆನ್ನಾಗಿ ನೆನಪಿದೆ. 2003ರ ಡಿಸೆಂಬರ್. ಮೊದಲ ಸರದಿಯಲ್ಲಿ 233 ಹೊಡೆದಿದ್ದ ದ್ರಾವಿಡರು ಎರಡನೆಯದರಲ್ಲಿ 72 ಮಾಡಿ ಕೊನೆಯ ತನಕ ನಿಂತಿದ್ದರು. ಗೆಲುವಿಗೆ ಬೇಕಾದ ರನ್ನುಗಳಿಗಾಗಿ ಮ್ಯಾಕ್‌ಗಿಲ್ಲರ ಚೆಂಡನ್ನು ಕಟ್ ಮಾಡಿದರು. ಚೆಂಡು ಗೆರೆ ದಾಟಿತು. ನಾನು ಕುರ್ಚಿಯ ಮೇಲೇರಿ ಕೂಗುತ್ತಿದ್ದೆ. ಆ ಹೊಡೆತವನ್ನು ಮತ್ತೊಮ್ಮೆ ತೋರಿಸಿದಾಗ ತಂದೆಯವರು ತೆರೆಯ ಹತ್ತಿರ ಸರಿದು, ಕನ್ನಡಕ ಸರಿಪಡಿಸಿಕೊಂಡು ನೋಡಿದರು.

“ಇದು ವಿಶ್ವನಾಥನ ಕಟ್ಟು,” ಎಂದರು.

“ನೀವು ಯಾವಾಗ ನೋಡಿದ್ರೀ ವಿಶ್ವನಾಥನ ಕಟ್ಟು?” ಎಂದೆ.

“ನೋಡಬೇಕೇನು,” ಎಂದು ಅವರು ಕೈ ತೊಳೆಯಲು ಎದ್ದರು. ಒಳಗೆ ಅವ್ವ ತಾಟು ಹಾಕಿ ಎರಡು ಸಲ ಕರೆದಾಗಿತ್ತು.